ಘಟ್ಟ ಏರುವಾಗ ಪಿಕಪ್ ಬಿದ್ದುಹೋದರೆ: ಟರ್ಬೋ ಬದಲಿಸುವ ಮೊದಲು
ವಾಹನ ವಿಭಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನದು 2015ರ 1.5 ಲೀಟರ್ ಡೀಸೆಲ್ ಕಾರು. 1,20,000 ಕಿ.ಮೀ. ಓಡಿದೆ. ವಾರಕ್ಕೆ ಎರಡು ಸಲ ಕುಮಟಾದಿಂದ ಶಿರಸಿಗೆ ಹೋಗಿಬರುತ್ತೇನೆ. ಕತಗಾಲದವರೆಗೆ ಯಾವ ತೊಂದರೆಯೂ ಇರುವುದಿಲ್ಲ. ದೇವಿಮನೆ ಘಟ್ಟ ಏರತೊಡಗಿ ಮೂರನೆಯ ಗೇರಿನಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತಿದರೆ, 2,200 ಆರ್‌ಪಿಎಂ ಹೊತ್ತಿಗೆ ಬಾನೆಟ್ ಒಳಗಿನಿಂದ ಸುಯ್ಯೆನ್ನುವ ಶಬ್ದ ಬಂದು ಪಿಕಪ್ ಒಮ್ಮೆಲೇ ಬಿದ್ದುಹೋಗುತ್ತದೆ, ಚೆಕ್ ಲೈಟ್ ಹತ್ತುತ್ತದೆ. ಹಿಂದೆ ಬೈಕಿನಲ್ಲಿ ಬರುತ್ತಿದ್ದ ನನ್ನ ತಮ್ಮ ಕಪ್ಪು ಹೊಗೆ ಕಂಡೆ ಎಂದ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಪಿ0299 ಎಂಬ ಕೋಡ್ ಬಂದಿದೆ, ಟರ್ಬೋ ಹೋಗಿದೆ, ಬದಲಿಸಬೇಕು ಎಂದಿದ್ದಾರೆ. ಬದಲಿಸಲೇ?
— ಕುಮಟಾದ ಓದುಗರು

ಉತ್ತರ: ದಯವಿಟ್ಟು ಈಗಲೇ ಬದಲಿಸಬೇಡಿ. ಪಿ0299 ಎಂಬ ಕೋಡ್ ಹೇಳುವುದು ಒಂದೇ ಮಾತು: ಇಂಜಿನ್ನಿನ ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಸಿಗಲಿಲ್ಲ ಎಂದು. ಒತ್ತಡವನ್ನು ಟರ್ಬೋ ಹುಟ್ಟಿಸಲೇ ಇಲ್ಲವೋ, ಹುಟ್ಟಿಸಿದ್ದು ದಾರಿಯಲ್ಲಿ ಸೋರಿಹೋಯಿತೋ ಎಂಬುದನ್ನು ಅದು ಹೇಳುವುದಿಲ್ಲ. ನೀವು ಬರೆದಿರುವ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಸೋರಿಕೆಯ ಮೇಲೆಯೇ ಹೆಚ್ಚು ಅನುಮಾನ.

ಕಾರಣ ಹೀಗಿದೆ. ಒಳಬರುವ ಗಾಳಿಯನ್ನು ಏರ್ ಫಿಲ್ಟರಿನ ಬಳಿ ಇರುವ ಸೆನ್ಸರ್ ಅಳೆಯುತ್ತದೆ. ಆಮೇಲೆ ಟರ್ಬೋ ಅದನ್ನು ಒತ್ತಿ, ಇಂಟರ್‌ಕೂಲರಿನಲ್ಲಿ ತಣಿಸಿ ಇಂಜಿನ್ನಿಗೆ ಕಳಿಸುತ್ತದೆ. ಟರ್ಬೋದಿಂದ ಮುಂದಿನ ರಬ್ಬರ್ ಹೋಸ್ ಸೀಳಿದ್ದರೆ, ಅಳೆದ ಗಾಳಿಯಲ್ಲಿ ಒಂದು ಪಾಲು ಹೊರಗೆ ಹೋಗಿಬಿಡುತ್ತದೆ; ಆದರೆ ಡೀಸೆಲ್ ಮಾತ್ರ ಅಳತೆಯ ಲೆಕ್ಕದಂತೆಯೇ ಬೀಳುತ್ತದೆ. ಸುಡಲು ಗಾಳಿ ಸಾಲದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಓಡಿಸುವಾಗ ಇಂಜಿನ್ನಿಗೆ ಈ ಒತ್ತಡ ಹೆಚ್ಚು ಬೇಕಾಗುವುದಿಲ್ಲ; ಘಟ್ಟದಲ್ಲಿ ಭಾರ ಬಿದ್ದಾಗಲೇ ಸೀಳು ಬಾಯಿ ತೆರೆಯುವುದು. ಒತ್ತಡ ಬಾರದಿರುವುದನ್ನು ಕಂಡ ಕಂಪ್ಯೂಟರ್ ಇಂಜಿನ್ನನ್ನು ಕಾಪಾಡಲು ಶಕ್ತಿಯನ್ನು ಕಡಿತಗೊಳಿಸುತ್ತದೆ. ಇದನ್ನೇ ಲಿಂಪ್ ಮೋಡ್ ಎನ್ನುತ್ತಾರೆ. ಇಗ್ನಿಷನ್ ಆಫ್ ಮಾಡಿದಾಗ ಆ ನಿರ್ಬಂಧ ತೆಗೆದುಹೋಗುವುದರಿಂದ ನಿಮಗೆ ಸ್ವಲ್ಪ ದೂರ ಪಿಕಪ್ ಮರಳಿ ಸಿಗುತ್ತಿದೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಏರಿನಲ್ಲಿ ಶಕ್ತಿ ಕುಂದುತ್ತದೆ ನಿಜ, ಆದರೆ ಆಗ ಡೀಸೆಲ್ಲೇ ಕಡಿಮೆಯಾಗುವುದರಿಂದ ಕಪ್ಪು ಹೊಗೆ ಬರುವುದಿಲ್ಲ. ನಿಮ್ಮ ತಮ್ಮ ಕಂಡ ಹೊಗೆ ಈ ದೃಷ್ಟಿಯಿಂದ ಬಹಳ ಉಪಯುಕ್ತ ಸಾಕ್ಷಿ.

ಹೋಸ್ ಪರೀಕ್ಷೆಯನ್ನು ಇಂಜಿನ್ ಪೂರ್ತಿ ತಣಿದ ಮೇಲೆ ಮಾಡಿಸಿ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ ಸರಿಯಿದೆ ಎಂದರೆ ಸಾಲದು. ಅಂಕೋಲೆಯ ಕಡೆಯ ಒಂದು ಕಾರಿನಲ್ಲಿ ನಾನೇ ಎರಡು ಸಲ ನೋಡಿ ಮೋಸಹೋಗಿದ್ದೆ. ಮೂರನೆಯ ಸಲ ಕಾರನ್ನು ಎತ್ತಿ, ಕೆಳಗಿನ ಹೋಸಿನ ಬಾಗಿದ ಭಾಗಕ್ಕೆ ಕೈ ಹಾಕಿದಾಗ ಒಂದೇ ಕಡೆ ಎಣ್ಣೆ ಮತ್ತು ಧೂಳು ಸೇರಿ ಅಂಟಂಟಾಗಿತ್ತು. ಅದನ್ನು ಒರೆಸಿ ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದೆ; ಅಲ್ಲಿಯವರೆಗೆ ಗೆರೆಯೂ ಕಾಣದಿದ್ದ ರಬ್ಬರಿನಲ್ಲಿ ಬಂಗಡೆ ಮೀನಿನ ಕಿವಿರಿನಂತೆ ಎರಡು ಇಂಚಿನ ಸೀಳು ತೆರೆದುಕೊಂಡಿತು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಆದ್ದರಿಂದ ಪ್ರತಿಯೊಂದು ಹೋಸನ್ನೂ ಕೆಳಭಾಗದಲ್ಲಿ ಒರೆಸಿ, ಬಗ್ಗಿಸಿ ನೋಡಲು ಹೇಳಿ. ಕರಾವಳಿಯ ಉಪ್ಪುಗಾಳಿಯಲ್ಲಿ ಕ್ಲ್ಯಾಂಪಿನ ಸ್ಕ್ರೂ ತುಕ್ಕು ಹಿಡಿದು, ತಿರುಗಿಸಿದರೆ ಬಿಗಿಯಾದಂತೆ ಕಂಡರೂ ಹೋಸನ್ನು ಹಿಡಿದುಕೊಂಡಿರುವುದಿಲ್ಲ. ಅಂಥ ಕ್ಲ್ಯಾಂಪುಗಳನ್ನು ಬದಲಿಸುವುದೇ ಲೇಸು. ಕಣ್ಣಿಗೆ ಏನೂ ಕಾಣದಿದ್ದರೆ, ಟರ್ಬೋದ ಬಾಯಿಗೆ ಮುಚ್ಚಳ ಬಿಗಿದು, ರೆಗ್ಯುಲೇಟರ್ ಇಟ್ಟು 1 ಬಾರ್ ಮೀರದಂತೆ ಗಾಳಿ ಕೊಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಬಿಡಬೇಕು. ಗುಳ್ಳೆ ಏಳುವ ಜಾಗವೇ ಸೋರಿಕೆಯ ಜಾಗ. ಮುಚ್ಚಳ ಕಿತ್ತು ಹಾರಬಹುದಾದ್ದರಿಂದ ಅದರ ಎದುರಿಗೆ ಯಾರೂ ನಿಲ್ಲಬಾರದು.

ಹೋಸುಗಳು ಸರಿಯಿದ್ದರೆ ಮುಂದಿನ ಅನುಮಾನ ತೆಳುವಾದ ವ್ಯಾಕ್ಯೂಮ್ ಪೈಪುಗಳ ಮೇಲೆ. ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಟರ್ಬೋದ ಒಳಗಿನ ರೆಕ್ಕೆಗಳನ್ನು ತಿರುಗಿಸುವ ಆಕ್ಚುಯೇಟರ್ ಈ ವ್ಯಾಕ್ಯೂಮಿನಿಂದ ನಡೆಯುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುವ ಇಲಿಗಳಿಗೆ ಈ ಪೈಪು ಸುಲಭದ ತುತ್ತು. ಕಾರನ್ನು ತೋಟದ ಕೊಟ್ಟಿಗೆಯಲ್ಲಿ ನಿಲ್ಲಿಸುವವರಂತೂ ಇದನ್ನು ಮೊದಲೇ ನೋಡಬೇಕು. ಒಬ್ಬರು ಇಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡುವಾಗ ಇನ್ನೊಬ್ಬರು ಆಕ್ಚುಯೇಟರಿನ ಸಲಾಕೆಯನ್ನು ಗಮನಿಸಿದರೆ, ಅದು ತಡೆಯಿಲ್ಲದೆ ಪೂರ್ತಿ ಎಳೆದುಕೊಂಡು ಪೂರ್ತಿ ಹಿಂದಿರುಗಬೇಕು. ತಡವರಿಸಿದರೆ ಮಸಿ ಕಟ್ಟಿ ರೆಕ್ಕೆಗಳು ಸಿಕ್ಕಿಕೊಂಡಿರಬಹುದು, ಇಲ್ಲವೇ ವ್ಯಾಕ್ಯೂಮ್ ಸೋರುತ್ತಿರಬಹುದು. ಕೈಪಂಪಿನಿಂದ ಆಕ್ಚುಯೇಟರಿಗೆ ನೇರವಾಗಿ ವ್ಯಾಕ್ಯೂಮ್ ಕೊಟ್ಟು ಹಿಡಿದರೆ ಈ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ.

ಒತ್ತಡ ಅಳೆಯುವ ಸೆನ್ಸರೇ ತಪ್ಪು ಲೆಕ್ಕ ಕೊಡುತ್ತಿದೆಯೇ ಎಂದು ನೋಡಲು ನಮ್ಮ ಜಿಲ್ಲೆಯವರಿಗೆ ಒಂದು ಸೌಕರ್ಯವಿದೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಆ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಕುಮಟಾದಲ್ಲಿ ಅದು ಸುಮಾರು 100 ಕಿಲೋಪ್ಯಾಸ್ಕಲ್, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಸುಮಾರು 94. ಎರಡೂ ಕಡೆ ಲೆಕ್ಕ ಹೊಂದಿದರೆ ಸೆನ್ಸರಿನ ಮೇಲಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ.

ಇಷ್ಟಾದ ಮೇಲೆ ಸ್ಕ್ಯಾನರನ್ನು ಕಾರಿನಲ್ಲೇ ಇಟ್ಟು ಘಟ್ಟ ಹತ್ತಬೇಕು. ಗ್ಯಾರೇಜಿನ ಮುಂದೆ ನಿಂತಲ್ಲೇ ಇಂಜಿನ್ ರೇಸ್ ಮಾಡಿ ಕೊಡುವ ತೀರ್ಪನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಭಾರವಿಲ್ಲದ ಇಂಜಿನ್ನಿನಲ್ಲಿ ಈ ದೋಷ ಹೊರಬೀಳುವುದೇ ಇಲ್ಲ. ಕಂಪ್ಯೂಟರ್ ಕೇಳಿದ ಒತ್ತಡ, ನಿಜವಾಗಿ ಬಂದ ಒತ್ತಡ, ಡೀಸೆಲ್ ರೈಲಿನ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ) ಒತ್ತಡ, ಈ ಮೂರನ್ನು ಒಟ್ಟಿಗೆ ದಾಖಲಿಸಿಕೊಳ್ಳಲು ಹೇಳಿ. ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದಾಗಿರಲಿ, ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ. ಗಾಳಿಯ ಒತ್ತಡ ಕೇಳಿದಷ್ಟೇ ಬಂದು ರೈಲಿನ ಒತ್ತಡ ಕುಸಿದರೆ ಡೀಸೆಲ್ ಫಿಲ್ಟರ್ ಮತ್ತು ಪಂಪಿನ ಕಡೆ ಹೋಗಬೇಕು.

ಟರ್ಬೋವನ್ನೇ ನೋಡುವ ಸರದಿ ಕೊನೆಗೆ. ಏರ್ ಫಿಲ್ಟರ್ ಕಡೆಯಿಂದ ಬರುವ ಹೋಸ್ ಬಿಚ್ಚಿ ಟರ್ಬೋದ ಚಕ್ರವನ್ನು ಬೆರಳಿನಿಂದ ಅಲುಗಿಸಿದಾಗ ಪಕ್ಕಕ್ಕೆ ತುಸು ಆಟವಿರುವುದು ಸಹಜ, ಏಕೆಂದರೆ ಆ ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲಿಕೊಂಡು ತಿರುಗುವಂಥದ್ದು. ಹಿಂದೆ ಮುಂದೆ ಎಳೆದಾಗ ಆಟ ಕಂಡರೆ, ಅಥವಾ ರೆಕ್ಕೆಯ ಅಂಚು ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ಗ್ಯಾರೇಜಿನವರ ಮಾತು ಸರಿ. ಹೋಸಿನೊಳಗೆ ತೆಳ್ಳಗೆ ಎಣ್ಣೆ ಸವರಿದಂತಿದ್ದರೆ ಗಾಬರಿಯಾಗಬೇಕಿಲ್ಲ. ಇಂಟರ್‌ಕೂಲರಿನಲ್ಲಿ ಎಣ್ಣೆ ನಿಂತಿದ್ದರೆ ಮಾತ್ರ ಚಿಂತೆ.

ಆದರೆ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ. ಸೋರಿದ ಗಾಳಿಯನ್ನು ತುಂಬಿಕೊಡಲು ಟರ್ಬೋ ತನ್ನ ಮಿತಿ ಮೀರಿ ತಿರುಗುತ್ತದೆ, ಬಿಸಿಯೂ ಏರುತ್ತದೆ. ಕೆಲವು ನೂರು ರೂಪಾಯಿಯ ಕ್ಲ್ಯಾಂಪಿನಲ್ಲಿ ಮುಗಿಯಬಹುದಾದ ಕೆಲಸ, ಹಾಗೇ ಓಡಿಸುತ್ತ ಹೋದರೆ ಒಳ್ಳೆಯ ಟರ್ಬೋವನ್ನೂ ಕೊಲ್ಲುತ್ತದೆ. ಅಲ್ಲಿಯವರೆಗೆ ಘಟ್ಟದಲ್ಲಿ ಓವರ್‌ಟೇಕ್ ಮಾಡಲೇಬೇಡಿ. ಪಿಕಪ್ ಬಿದ್ದರೆ ತಿರುವಿನಲ್ಲಿ ನಿಲ್ಲಿಸದೆ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಅಗಲವಾದ ಜಾಗದವರೆಗೆ ಹೋಗಿ.

ಪ್ರಶ್ನೆ: ನನ್ನ 1 ಲೀಟರ್ ಟರ್ಬೋ ಪೆಟ್ರೋಲ್ ಕಾರು ಅರಬೈಲ್ ಘಟ್ಟದಲ್ಲಿ ಜೋರು ಕೊಟ್ಟಾಗ ಎಳೆಎಳೆದು ಓಡುತ್ತದೆ, ಚೆಕ್ ಲೈಟ್ ಮಿಣುಕುತ್ತದೆ. ಇದೂ ಹೋಸಿನ ತೊಂದರೆಯೇ?
— ಕಾರವಾರದ ಓದುಗರು

ಉತ್ತರ: ಇರಲಾರದು. ಪೆಟ್ರೋಲ್ ಇಂಜಿನ್ನಿನಲ್ಲಿ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಬಾಯಲ್ಲಿ ಕಿಡಿ ಹಾರುವುದು ಕಷ್ಟವಾಗುತ್ತದೆ, ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದು ಅಂತರ ಹೆಚ್ಚಾದ ಪ್ಲಗ್ ಅಥವಾ ಪ್ಲಗ್ಗಿಗೆ ಆ ವೋಲ್ಟೇಜ್ ಕೊಡುವ, ಬಲಗುಂದಿದ ಕಾಯಿಲ್ ಸಮತಟ್ಟಿನಲ್ಲಿ ನಡೆದು ಏರಿನಲ್ಲಿ ಕೈಕೊಡುತ್ತದೆ. ಮಿಣುಕುವ ಲೈಟ್ ಮಿಸ್‌ಫೈರಿನ ಎಚ್ಚರಿಕೆ; ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆಯಾದ್ದರಿಂದ, ಅದು ಕಂಡ ಕೂಡಲೇ ಎಕ್ಸಿಲರೇಟರ್ ಸಡಿಲಿಸಿ. ಕೈಪಿಡಿಯಲ್ಲಿ ಹೇಳಿದ ನಮೂನೆಯ ಪ್ಲಗ್ಗುಗಳನ್ನೇ ಹಾಕಿಸಿ. ಆಮೇಲೂ ಸ್ಕ್ಯಾನರ್ ಪಿ0302 ಎಂದು ಎರಡನೆಯ ಸಿಲಿಂಡರನ್ನು ತೋರಿಸಿದರೆ, ಅದರ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ ಮತ್ತೆ ಘಟ್ಟ ಹತ್ತಿಸಿ. ಕೋಡ್ ಪಿ0303ಕ್ಕೆ ಹೋದರೆ ಆ ಕಾಯಿಲ್ ಒಂದನ್ನು ಬದಲಿಸಿದರೆ ಸಾಕು. ಪಿ0302ರಲ್ಲೇ ಉಳಿದರೆ ಕಾಯಿಲನ್ನು ಬಿಟ್ಟು ಆ ಸಿಲಿಂಡರಿನ ಇಂಜೆಕ್ಟರ್ ಮತ್ತು ವೈರಿಂಗ್ ನೋಡಿಸಿ.