ನಿವೃತ್ತಿಯ ಬಳಿಕ ದಿನಗಳೆಲ್ಲ ಒಂದೇ ತರಹ ಆಗುತ್ತವೆಯೇ?

ಬೆಳಗಾವಿಯಲ್ಲಿ ಸರ್ಕಾರಿ ನೌಕರಿಯಲ್ಲಿರುವ ನಿಮ್ಮ ತಂದೆಯವರು ಸದ್ಯದಲ್ಲೇ ನಿವೃತ್ತರಾಗುತ್ತಿದ್ದಾರೆ. ಆಮೇಲೆ ದಿನಗಳೆಲ್ಲ ಒಂದೇ ತರಹ ಆಗಿ ಅವರ ಮನಸ್ಸು ಕುಗ್ಗೀತೇ, ವಯಸ್ಸಾದವರಿಗೆ ನಿಜವಾಗಿ ಸಂತೋಷ ಕೊಡುವ ಸಂಗತಿಗಳು ಯಾವುವು, ದೂರದ ಊರಿನಲ್ಲಿರುವ ನೀವು ಅವರಿಗಾಗಿ ಏನು ಮಾಡಬಹುದು ಎಂದು ಕೇಳಿದ್ದೀರಿ. ನಾನು ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ಅನುಭವಕ್ಕೆ ಬಂದಷ್ಟನ್ನು ಹೇಳುತ್ತೇನೆ.

ನನ್ನ ದಿನಗಳು ಒಂದೇ ತರಹ ಇದ್ದದ್ದು ನೌಕರಿಯ ಕಾಲದಲ್ಲಿ. ಗಂಟೆ ಬಾರಿಸಿದರೆ ತರಗತಿಯ ಒಳಗೆ, ಮತ್ತೆ ಬಾರಿಸಿದರೆ ಹೊರಗೆ. ಆಷಾಢದ ಗಾಳಿ ಯಾವಾಗ ಎದ್ದಿತು, ಬೇವಿನ ಮರ ಯಾವಾಗ ಚಿಗುರಿತು ಎಂಬುದನ್ನು ಗಮನಿಸಲು ವೇಳಾಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಈಗ ದಿನಾಲು ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗುತ್ತೇನೆ, ಅದೇ ಕೆಲಸ ಮಾಡುತ್ತೇನೆ. ಹಾಗೆ ಮಾಡುವುದರಿಂದಲೇ ಯಾವುದೂ ನಿನ್ನೆಯಂತೆ ಇಲ್ಲ ಎನ್ನುವುದು ಕಣ್ಣಿಗೆ ಕಾಣತೊಡಗುತ್ತದೆ. ನನ್ನ ಬಹುಪಾಲು ಸಂತೋಷಗಳು ಹುಟ್ಟಿರುವುದು ಇದರಿಂದ.

ಮುಂಜಾನೆಯ ತಿರುಗಾಟವನ್ನೇ ನೋಡಿ. ನಮ್ಮ ಮನೆ ಗೋಳಗುಮ್ಮಟದ ಪಶ್ಚಿಮಕ್ಕಿದೆ. ಒಂದು ಕಪ್ ಚಹಾ ಕುಡಿದು, ಸೂರ್ಯ ಹುಟ್ಟುವ ಹೊತ್ತಿಗೆ ಗುಮ್ಮಟವು ಈಶಾನ್ಯಕ್ಕೆ ಕಾಣುವಂಥ ಒಂದು ತಿರುವಿಗೆ ಬಂದು ನಿಲ್ಲುತ್ತೇನೆ. ಮುಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ ಈ ಕಟ್ಟಡದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ, ಅಷ್ಟು ಸ್ಥಿರವಾದ ಗುರುತು ಆಕಾಶಕ್ಕೆ ಎದುರಾಗಿ ಸಿಗುವ ಊರುಗಳು ಕಡಿಮೆ. ಜೂನ್ ತಿಂಗಳಲ್ಲಿ ಸೂರ್ಯ ಅದಕ್ಕೆ ಸಮೀಪದಲ್ಲಿ ಮೇಲೇಳುತ್ತಾನೆ. ಆಮೇಲೆ ದಿನದಿಂದ ದಿನಕ್ಕೆ ಬಲಕ್ಕೆ ಸರಿಯುತ್ತ, ಡಿಸೆಂಬರ್ ಮೂರನೆಯ ವಾರ ಮುಗಿಯುವ ಹೊತ್ತಿಗೆ ಗುಮ್ಮಟವನ್ನು ನೋಡುವವರು ಕತ್ತನ್ನು ಪೂರ್ತಿ ತಿರುಗಿಸದೆ ಸೂರ್ಯನನ್ನು ನೋಡಲಾಗದಷ್ಟು ದೂರ ಹೋಗಿ, ಕೆಲವು ದಿನ ಅಲ್ಲೇ ನಿಂತಂತೆ ಕಂಡು, ಮತ್ತೆ ಎಡಕ್ಕೆ ಹೊರಳುತ್ತಾನೆ. ಉತ್ತರಾಯಣ, ದಕ್ಷಿಣಾಯನ ಎಂದು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಎಷ್ಟೋ ಮಕ್ಕಳಿಗೆ ಕಲಿಸಿದ ಪಾಠವನ್ನು ನಾನು ಸ್ವತಃ ಒಂದು ವರ್ಷ ಪೂರ್ತಿ ನೋಡಿದ್ದು ನಿವೃತ್ತಿಯ ನಂತರವೇ. ಮೊದಲ ಸಲ ಆ ಹೊರಳುವಿಕೆಯನ್ನು ಗುರುತಿಸಿದ ದಿನ ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದಾಗ, ಮರುದಿನ ಅವರೂ ಶಾಲು ಹೊದ್ದುಕೊಂಡು ಜೊತೆಗೆ ಬಂದರು.

ಇದಕ್ಕೇ ಸೇರಿದ ಇನ್ನೊಂದು ಸಂಗತಿಯಿದೆ, ಅದನ್ನು ವಿವರವಾಗಿ ಹೇಳಬೇಕೆನಿಸುತ್ತದೆ. ವಿಜಯಪುರವು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ, ಮೇ 7ರ ಆಸುಪಾಸು ಮತ್ತು ಆಗಸ್ಟ್ 5ರ ಆಸುಪಾಸು, ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗ ನೆಟ್ಟಗೆ ನಿಂತ ಯಾವ ವಸ್ತುವಿಗೂ ನೆರಳು ಇರುವುದಿಲ್ಲ. ನಾನು ಶಾಲೆಯಲ್ಲಿದ್ದಾಗ ಇದನ್ನು ಮಕ್ಕಳಿಗೆ ತೋರಿಸಲು ಆಗುತ್ತಿರಲಿಲ್ಲ, ಏಕೆಂದರೆ ಮೇ ತಿಂಗಳು ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಈಗ ರಜೆಗೆ ಬಂದ ಮೊಮ್ಮಕ್ಕಳು, ಓಣಿಯ ಹುಡುಗರು ಎಲ್ಲ ಸೇರಿ ನಮ್ಮ ಅಂಗಳದ ಫರಸಿಯ ಮೇಲೆ ಒಂದು ಎತ್ತರದ ಸ್ಟೀಲ್ ಡಬ್ಬಿ ಇಟ್ಟು ಕಾಯುತ್ತಾರೆ. ಗಡಿಯಾರದ ಹನ್ನೆರಡಕ್ಕೆ ಇನ್ನೂ ಸಣ್ಣ ನೆರಳಿರುತ್ತದೆ. ನಮ್ಮ ಊರಿನ ನಿಜವಾದ ಮಧ್ಯಾಹ್ನ ಮೇ ತಿಂಗಳ ಆ ದಿನಗಳಲ್ಲಿ 12 ಗಂಟೆ 24 ನಿಮಿಷದ ಸುಮಾರಿಗೆ ಬರುತ್ತದೆ, ಭಾರತದ ಗಡಿಯಾರಗಳು ನಮಗಿಂತ ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆಯಲ್ಲ. ಆ ನೆರಳು ಡಬ್ಬಿಯ ಬುಡಕ್ಕೆ ಸರಿಯುತ್ತ ಸರಿಯುತ್ತ, ಬುಡದ ಅಂಚಿನಲ್ಲಿ ಒಂದು ಕರಿದಾರದಷ್ಟಾಗಿ, ಆಮೇಲೆ ಅದೂ ಇಲ್ಲವಾದಾಗ, ಕಾಯ್ದ ಫರಸಿಯ ಮೇಲೆ ಚೀಲ ಹಾಸಿಕೊಂಡು ಬೋರಲು ಮಲಗಿ ನೋಡುತ್ತಿದ್ದ ಮಗುವಿನ ಮುಖದಲ್ಲಿ ಬರುವ ಬೆರಗನ್ನು ನೋಡುವುದು ನನ್ನ ವರ್ಷದ ದೊಡ್ಡ ಹಬ್ಬ. ನಿಮ್ಮ ಬೆಳಗಾವಿ ನಮಗಿಂತ ದಕ್ಷಿಣಕ್ಕಿರುವುದರಿಂದ ಅಲ್ಲಿ ಇದು ಮೂರು ನಾಲ್ಕು ದಿನ ಮೊದಲೇ, ಮೇ 3 ಅಥವಾ 4ರ ಸುಮಾರಿಗೆ, ಆಗುತ್ತದೆ.

ಮಳೆಯನ್ನು ಅಳೆಯುವುದು ನನಗೆ ಬಿದ್ದ ಮತ್ತೊಂದು ರೂಢಿ. ತಳ ಚಪ್ಪಟೆಯಾಗಿರುವ, ಬಾಯಿಯೂ ಹೊಟ್ಟೆಯೂ ಒಂದೇ ಅಗಲವಿರುವ ಗಾಜಿನ ಪಾತ್ರೆಯೊಂದನ್ನು ಮರ, ಗೋಡೆಗಳಿಂದ ದೂರ ಬಯಲಲ್ಲಿ ಇಟ್ಟು, ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿದರೆ ಅದೇ ಮಿಲಿಮೀಟರ್ ಲೆಕ್ಕದ ಮಳೆ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಹವಾಮಾನ ಇಲಾಖೆಯವರು ಮುಂಜಾನೆ 8:30ಕ್ಕೆ ಓದುವುದರಿಂದ ನಾನೂ ಅದೇ ಹೊತ್ತಿಗೆ ಓದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಆಗ ನಡೆದಿರುವ ಮಳೆ ನಕ್ಷತ್ರವನ್ನೂ ಬರೆಯುತ್ತೇನೆ. ನಮ್ಮ ಕಡೆ ಮುಂಗಾರಿಗಿಂತ ಹಿಂಗಾರಿಯ ಮೇಲೆ ಜೀವ. ಸೆಪ್ಟೆಂಬರ್ ನಡುವಿನಿಂದ ಉತ್ತರೆ, ತಿಂಗಳ ಕೊನೆಗೆ ಹಸ್ತ, ಅಕ್ಟೋಬರ್‌ನಲ್ಲಿ ಚಿತ್ತೆ. ಈ ಮಳೆಗಳು ಎರಿ ಹೊಲಕ್ಕೆ ಕುಡಿಸಿದ ನೀರಿನ ಮೇಲೆಯೇ ಬಿಳಿಜೋಳ ಚಳಿಗಾಲ ಪೂರ್ತಿ ಬೆಳೆದು ನಿಲ್ಲಬೇಕು. ಆ ದಿನಗಳಲ್ಲಿ ಹಾಲು ತರಲು ಹೊರಟವರು, ಹೊಲಕ್ಕೆ ಹೊರಟವರು ನಮ್ಮ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, "ಮಾಸ್ತರ್ರ, ರಾತ್ರಿ ಎಷ್ಟ ಆತ್ರಿ ಮಳಿ?" ಎಂದು ಕೇಳುತ್ತಾರೆ. ನಾನು ಹೇಳಿದ ಅಂಕಿ ಅವರ ಬಿತ್ತನೆಯ ಮಾತಿನಲ್ಲಿ ಸೇರಿಕೊಳ್ಳುತ್ತದೆ. ಶಾಲೆ ಬಿಟ್ಟ ಮೇಲೂ ನನ್ನಿಂದ ತಿಳಿದುಕೊಳ್ಳಬೇಕಾದದ್ದು ಒಬ್ಬರಿಗೆ ಇದೆಯೆಂಬುದು ನನಗೆ ಬಹಳ ಬೆಲೆಯುಳ್ಳ ಸಂಗತಿ, ಇದನ್ನು ಮುಚ್ಚಿಡುವ ಕಾರಣವಿಲ್ಲ.

ಪೇಪರ್ ಓದುವುದು, ಟಿವಿಯಲ್ಲಿ ಸುದ್ದಿ ನೋಡುವುದು, ಮಧ್ಯಾಹ್ನ ಒಂದು ನಿದ್ದೆ, ಇವೆಲ್ಲ ಇವೆ. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಗಿರಣಿಗೆ ಹೋಗುವುದರ ಬಗ್ಗೆ ಮಾತ್ರ ಹೇಳಬೇಕು. ಮೊದಲು ತಿಂಗಳಿಗಾಗುವಷ್ಟು ಜೋಳವನ್ನು ಒಮ್ಮೆಗೇ ಬೀಸಿಸಿ ತರುತ್ತಿದ್ದೆವು, ಯಾರಿಗೂ ಪುರಸೊತ್ತು ಇರುತ್ತಿರಲಿಲ್ಲ. ಈಗ ನಾನು ವಾರವಾರವೂ ಹೋಗುತ್ತೇನೆ. ಮಾಲದಂಡಿ ಜೋಳವನ್ನು ನಮ್ಮ ಮನೆಯವರು ಮೊರದಲ್ಲಿ ಹಸನು ಮಾಡಿ ಕೊಡುತ್ತಾರೆ, ನಾನು ಡಬ್ಬಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಸರದಿಯಲ್ಲಿ ಕೂಡುತ್ತೇನೆ. ಬೀಸಿದ ಹಿಟ್ಟು ಡಬ್ಬಿಯಲ್ಲಿ ಬಿದ್ದಾಗ ಎಷ್ಟು ಬಿಸಿಯಿರುತ್ತದೆಂದರೆ, ಮುಚ್ಚಳವನ್ನು ಸ್ವಲ್ಪ ಓರೆ ಮಾಡಿಯೇ ತರಬೇಕಾಗುತ್ತದೆ. ಚಳಿಗಾಲದಲ್ಲಿ ಆ ಡಬ್ಬಿಗೆ ಎರಡೂ ಅಂಗೈ ಹಚ್ಚಿಕೊಂಡು ಒಂದು ನಿಮಿಷ ನಿಲ್ಲುವ ಸುಖವನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಹೊಸ ಹಿಟ್ಟಿಗೆ ಜಿಗಿ ಇರುತ್ತದೆ, ಹಳತಾದಂತೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲದಿರುವುದರಿಂದಲೇ ಕುದಿಯುವ ಎಸರು ಹಾಕಿ ಹಿಟ್ಟನ್ನು ಹದಕ್ಕೆ ತಂದು ನಾದುತ್ತಾರೆ. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಅದರ ಮೈಗೆ ನೀರು ಸವರಿದಾಗ ಏಳುವ ಆವಿ, ತಿರುವಿ ಹಾಕಿದ ಮೇಲೆ ಅದು ಉಬ್ಬುವ ರೀತಿ, ಇವನ್ನು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತು ನೋಡುವುದು ನನಗೆ ದಿನದ ಒಂದು ಮುಖ್ಯ ಹೊತ್ತು. ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬರುತ್ತದೆ, ಜೊತೆಗೆ ಶೇಂಗಾ ಹಿಂಡಿ, ಕೆನೆಮೊಸರು, ಒಂದು ಉಳ್ಳಾಗಡ್ಡಿ. ಶಾಲೆಗೆ ಓಡುತ್ತಿದ್ದ ದಿನಗಳಲ್ಲಿ ನನ್ನ ಪಾಲಿಗೆ ಇದ್ದದ್ದು ಡಬ್ಬಿಯಲ್ಲಿ ತಣ್ಣಗಾದ ರೊಟ್ಟಿ.

ಜನವರಿಯ ಕೊನೆಗೆ, ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ, ಹೊಲದಿಂದ ಸೀತನಿಯ ಕರೆ ಬರುತ್ತದೆ. ತೆನೆಯ ಕಾಳು ಹಾಲು ತುಂಬಿ, ಇನ್ನೂ ಗಟ್ಟಿಯಾಗದೆ ಇರುವ ದಿನಗಳು ಬಹಳ ಕಡಿಮೆ. ಆ ದಿನಗಳನ್ನು ಹಿಡಿಯಬೇಕಾದರೆ ಮನುಷ್ಯನಿಗೆ ಬಿಡುವು ಇರಬೇಕು. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಯಿರುವಾಗಲೇ ಉಜ್ಜಿ, ಹಸಿರು ಕಾಳನ್ನು ಅಂಗೈಗೆ ಸುರಿದುಕೊಂಡು ಬೆಲ್ಲದ ಜೊತೆ ತಿನ್ನುತ್ತ ಬೆಳೆಯ ನಡುವೆ ಕುಳಿತರೆ, ಸೆಪ್ಟೆಂಬರ್‌ನಲ್ಲಿ ನಾನು ಪುಸ್ತಕದಲ್ಲಿ ಬರೆದ ಮಿಲಿಮೀಟರ್‌ಗಳೇ ಬಾಯಿಗೆ ಬಂದಿವೆ ಎನಿಸುತ್ತದೆ.

ಸಂಜೆ ಓಣಿಯ ಕಟ್ಟೆಯ ಮೇಲೆ ನಾವು ಕೆಲವರು ಕೂಡುತ್ತೇವೆ: ಬ್ಯಾಂಕಿನಲ್ಲಿದ್ದವರೊಬ್ಬರು, ಹೊಲಿಗೆಯ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಒಬ್ಬ ಸಾಹೇಬರು, ನಾನು, ಇನ್ನೂ ಒಂದಿಬ್ಬರು. ದಿನಕ್ಕೆ ಒಂದೇ ವಚನ ಓದಿ ಅದರ ಮೇಲೆ ಮಾತಾಡುವುದು ನಮ್ಮ ಪದ್ಧತಿ, ಎರಡನೆಯದನ್ನು ಓದುವುದಿಲ್ಲ. ವಚನಗಳು ನಮ್ಮ ಕೈಗೆ ಇಷ್ಟು ಸುಲಭವಾಗಿ ಸಿಗುವುದಕ್ಕೆ ನಮ್ಮ ಊರಿನವರೇ ಆಗಿಹೋದ ಫ.ಗು. ಹಳಕಟ್ಟಿಯವರು ಕಾರಣ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಕೀಲಿ ಮಾಡಲು ವಿಜಯಪುರಕ್ಕೆ ಬಂದ ಅವರು ಹಳ್ಳಿಹಳ್ಳಿಯ ಮನೆಗಳಿಂದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು, ಅಚ್ಚು ಹಾಕಿಸುವ ಸಲುವಾಗಿ ತಮ್ಮ ಮನೆಯನ್ನೇ ಮಾರಿ ಮುದ್ರಣಾಲಯ ಇಟ್ಟರು. 1964ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸದಲ್ಲಿದ್ದರು. ಅವರು ಓಡಾಡಿದ ಊರಿನಲ್ಲಿ ಕುಳಿತು ಓದುತ್ತಿದ್ದೇವೆ ಎಂಬ ಭಾವನೆ ನಮ್ಮ ಕಟ್ಟೆಯ ಮಾತಿಗೆ ಒಂದು ತೂಕ ಕೊಟ್ಟಿದೆ. ಸಾಹೇಬರು ಕೇಳುವ ಪ್ರಶ್ನೆಗಳು ಬಹಳ ಸಲ ನಮಗೆಲ್ಲರಿಗಿಂತ ಆಳವಾಗಿರುತ್ತವೆ. ಹರೆಯದಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಲುಗಳೇ ಈಗ, ಮಕ್ಕಳ ಮದುವೆ, ಸಾಲ, ಸಾವು ಎಲ್ಲವನ್ನೂ ನೋಡಿದವರ ಬಾಯಲ್ಲಿ ಬೇರೆಯಾಗಿ ಕೇಳುತ್ತವೆ.

ದುಃಖವಿಲ್ಲವೆಂದು ಹೇಳುತ್ತಿಲ್ಲ. ಆ ಕಟ್ಟೆಯ ಮೇಲೆ ಮೊದಲು ಇದ್ದ ಇಬ್ಬರು ಈಗ ಇಲ್ಲ. ಮೊಣಕಾಲು ಗುಮ್ಮಟದ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಅಲ್ಲಿನ ಪಿಸುಮಾತಿನ ಮೊಗಸಾಲೆಗೆ ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ದು, ಒಂದು ಬದಿಯ ಗೋಡೆಗೆ ಬಾಯಿಟ್ಟು ಆಡಿದ ಮಾತು ಆಚೆ ಬದಿಗೆ ಕೇಳುವುದನ್ನು ತೋರಿಸುತ್ತಿದ್ದವನಿಗೆ ಇದು ಸಣ್ಣ ಕೊರತೆಯಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಶಿಕ್ಷಕನಾಗಿದ್ದಾನೆ, ತನ್ನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ, ಹೋಗಿ ಬಂದ ಮೇಲೆ ನನಗೆ ಬಂದು ಹೇಳುತ್ತಾನೆ.

ಇನ್ನು ನೀವು ಏನು ಮಾಡಬಹುದು ಎಂಬುದು. ದುಬಾರಿ ಉಡುಗೊರೆ, ತೀರ್ಥಯಾತ್ರೆಯ ಟಿಕೆಟ್ಟು ಇವೆಲ್ಲ ಒಳ್ಳೆಯವೇ, ಆದರೆ ಅವು ಬೇಗ ಮುಗಿದುಹೋಗುತ್ತವೆ. ಮೊದಲ ಕೆಲವು ತಿಂಗಳು ಅವರಿಗಾಗಿ ವೇಳಾಪಟ್ಟಿ ಹಾಕಿಕೊಡಬೇಡಿ. ಅವರು ಅಡ್ಡಾಡಲಿ, ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳಲಿ. ನಿಮ್ಮ ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಬಯಲಿನ ಮರಗಳ ನಡುವೆ ಮುಂಜಾನೆ ತಿರುಗಾಡುವವರು ಬಹಳ ಜನ, ಅಲ್ಲಿ ಜೊತೆ ಸಿಗುತ್ತದೆ. ಒಂದೇ ಮರವನ್ನು ವರ್ಷವಿಡೀ ನೋಡಲು ಅದಕ್ಕಿಂತ ಒಳ್ಳೆಯ ಜಾಗವೂ ಬೇಕಿಲ್ಲ. ಫೋನು ಮಾಡಿದಾಗ ಊಟ ಆಯಿತೇ, ಗುಳಿಗೆ ತೆಗೆದುಕೊಂಡಿರೇ ಎಂದು ಕೇಳುವುದರ ಜೊತೆಗೆ, ಅವರು ನೋಡಿದ್ದನ್ನು, ಅಳೆದದ್ದನ್ನು, ಓದಿದ್ದನ್ನು ಕೇಳಿ, ಮತ್ತು ಹೋದ ವಾರ ಹೇಳಿದ್ದನ್ನು ನೆನಪಿಟ್ಟುಕೊಂಡು ಕೇಳಿ. ಮಳೆ ಅಳೆಯುವುದು ಅವರಿಗೂ ಹಿಡಿಸಿದರೆ ಜೂನ್ ತಿಂಗಳೊಳಗೆ ಪಾತ್ರೆಯನ್ನು ಇಡಿಸಿಬಿಡಿ. ವಿಜಯಪುರದ ಎರಡು ಪಟ್ಟು ಮಳೆ ನಿಮ್ಮ ಬೆಳಗಾವಿಯಲ್ಲಿ ಸುರಿಯುತ್ತದೆ. ಆದ್ದರಿಂದ ನಾನು ಇಟ್ಟದ್ದಕ್ಕಿಂತ ಎತ್ತರದ್ದನ್ನು ಆರಿಸಿ, ಇಲ್ಲವಾದರೆ ಜುಲೈ ತಿಂಗಳ ಒಂದು ರಾತ್ರಿಯಲ್ಲೇ ಅದು ತುಂಬಿ ಹರಿದು ಲೆಕ್ಕ ತಪ್ಪೀತು.