ಬೇಲಿಯೊಳಗೆ ಉಳಿಯುವುದೇನು?

ಓದುಗರ ಪತ್ರ: ಹುಲ್ಲುಗಾವಲು, ತೋಪುಗಳು ಜನರ ಬಳಕೆಯಿಂದಲೇ ಉಳಿದವು ಎನ್ನುವ ಕಳೆದ ಸಂಚಿಕೆಯ ಲೇಖನವನ್ನು ನಾನು ಒಪ್ಪಲಾರೆ. ಮನುಷ್ಯ ಕಾಲಿಟ್ಟ ಕಡೆಯಲ್ಲೆಲ್ಲ ನಾನು ಕಂಡದ್ದು ಹಾಳು ಮಾತ್ರ. ಬೇಲಿ ಹಾಕಿ ಸುಮ್ಮನೆ ಬಿಟ್ಟರೆ ಪ್ರಕೃತಿ ತನ್ನನ್ನು ತಾನೇ ನೋಡಿಕೊಳ್ಳುವುದಿಲ್ಲವೇ?

ಸಂಪಾದಕರ ಉತ್ತರ: ನೀವು ಬೇಲಿಯ ಮಾತೆತ್ತಿದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಇಂಗ್ಲೆಂಡಿನಲ್ಲಿ ‘ಲಾರ್ಜ್ ಬ್ಲೂ’ ಎಂಬ ನೀಲಿ ಚಿಟ್ಟೆ ಕಡಿಮೆಯಾಗುತ್ತಾ ಬಂದಾಗ ಸಂಗ್ರಹಕಾರರೇ ಅದಕ್ಕೆ ಕಾರಣವೆಂದು ನಂಬಿ, ಅದರ ನೆಲೆಗೆ ಬೇಲಿ ಹಾಕಿದ್ದುಂಟು. ಆ ಬೇಲಿ ಸಂಗ್ರಹಕಾರರ ಜೊತೆಗೆ ಮೇಯುವ ದನ, ಕುರಿಗಳನ್ನೂ ಹೊರಗಿಟ್ಟಿತು. ಈ ಚಿಟ್ಟೆಯ ಮರಿಹುಳು ಬೆಳೆಯುವುದು ಒಂದು ಜಾತಿಯ ಕೆಂಪಿರುವೆಯ ಗೂಡಿನಲ್ಲಿ, ಇರುವೆಯ ಮರಿಗಳನ್ನೇ ತಿಂದು. ಆ ಇರುವೆಗೆ ಬೇಕಾದದ್ದು ಬಿಸಿಲು ತಾಗಿ ಬೆಚ್ಚಗಿರುವ ನೆಲ. ನೆಲ ಬೆಚ್ಚಗಿರಬೇಕಾದರೆ ಹುಲ್ಲು ಗಿಡ್ಡವಾಗಿರಬೇಕು. ಮೇಯುವಿಕೆ ಕಡಿಮೆಯಾಗಿ, 1950ರ ದಶಕದಲ್ಲಿ ರೋಗದಿಂದ ಕಾಡುಮೊಲಗಳೂ ಸತ್ತ ಮೇಲೆ ಹುಲ್ಲು ಕೆಲವೇ ಸೆಂಟಿಮೀಟರ್ ಹೆಚ್ಚು ಬೆಳೆಯಿತು, ಅಷ್ಟಕ್ಕೇ ಇರುವೆ ನೆಲೆ ತಪ್ಪಿತು. 1979ರಲ್ಲಿ ಚಿಟ್ಟೆ ಆ ದೇಶದಿಂದ ಅಳಿಯಿತು. ಈ ಕೊಂಡಿಗಳನ್ನು ಬಿಡಿಸಿದವರು ಜೆರೆಮಿ ಥಾಮಸ್ ಎಂಬ ವಿಜ್ಞಾನಿ; ಮತ್ತೆ ದನಗಳನ್ನು ಮೇಯಬಿಟ್ಟ ನೆಲಕ್ಕೆ ಸ್ವೀಡನ್ನಿನಿಂದ ತಂದ ಚಿಟ್ಟೆಯ ಸಂತತಿ 1983ರಿಂದೀಚೆಗೆ ಅಲ್ಲಿ ನೆಲೆಯೂರಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಇಲ್ಲಿ ಯಾರೂ ಮೇಯದಂತೆ ಬೇಲಿ ಕಾದದ್ದೇ ಕೇಡಾಯಿತು.

ಜಪಾನಿನವರು ಊರಿಗೂ ಬೆಟ್ಟಕ್ಕೂ ನಡುವಿನ ಇಂಥ ನೆಲವನ್ನು ‘ಸತೋಯಾಮಾ’ ಎಂದು ಕರೆಯುತ್ತಾರೆ. ಅಲ್ಲಿನ ಓಕ್ ಮರಗಳನ್ನು ಸೌದೆ, ಇದ್ದಿಲಿಗಾಗಿ ಸರದಿಯಂತೆ ಬುಡಕ್ಕೆ ಕಡಿಯುತ್ತಿದ್ದರು. ಬುಡ ಮತ್ತೆ ಚಿಗುರುತ್ತಿತ್ತು, ತರಗೆಲೆ ಗದ್ದೆಗೆ ಗೊಬ್ಬರವಾಗುತ್ತಿತ್ತು, ತೆರವಾದ ನೆಲಕ್ಕೆ ಬಿಸಿಲು ಬಿದ್ದು ವಸಂತದ ಹೂಗಳು ಅರಳುತ್ತಿದ್ದವು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅನಿಲ, ಸೀಮೆಎಣ್ಣೆ, ಚೀಲದ ಗೊಬ್ಬರ ಬಂದ ಮೇಲೆ ತೋಪಿಗೆ ಹೋಗುವ ಕಾರಣವೇ ಇಲ್ಲವಾಯಿತು, ಅನೇಕ ಕಡೆ ಬಿದಿರು ಹಬ್ಬಿ ನೆಲ ಕತ್ತಲಾಯಿತು. ತೋಪನ್ನು ಯಾರೂ ನಾಶ ಮಾಡಲಿಲ್ಲ. ಅದರ ಅಗತ್ಯ ತಪ್ಪಿತು, ಅಷ್ಟೆ.

ನೆಲವೂ ಜನರನ್ನು ರೂಪಿಸುತ್ತದೆ ಎಂಬುದು ನಮ್ಮ ಲೇಖನದಲ್ಲಿ ಸರಿಯಾಗಿ ಮೂಡಿಬರಲಿಲ್ಲ. ಸ್ವಿಟ್ಜರ್ಲೆಂಡಿನ ಟ್ಯೋರ್ಬೆಲ್ ಎಂಬ ಹಳ್ಳಿಯವರು 1517ರಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಚಳಿಗಾಲವಿಡೀ ತಾನು ಮೇವು ಹಾಕಿ ಸಾಕಬಲ್ಲಷ್ಟೇ ಹಸುಗಳನ್ನು ಬೇಸಿಗೆಯಲ್ಲಿ ಸಾಮೂಹಿಕ ಹುಲ್ಲುಗಾವಲಿಗೆ ಬಿಡಬಹುದು. ಜನ ಸಾಮೂಹಿಕ ಸಂಪತ್ತನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದನ್ನು ಶೋಧಿಸಿದ ಅಮೆರಿಕದ ವಿದ್ವಾಂಸೆ ಎಲಿನಾರ್ ಓಸ್ಟ್ರಮ್ ತಮ್ಮ ಅಧ್ಯಯನದಲ್ಲಿ ಎತ್ತಿ ತೋರಿಸಿದ ಈ ನಿಯಮದ ಜಾಣ್ಮೆ ನನಗೆ ಬಹಳ ಇಷ್ಟ, ಏಕೆಂದರೆ ಹುಲ್ಲನ್ನು ಅಳೆಯುವ ಗೊಡವೆಗೇ ಹೋಗದೆ, ಪ್ರತಿಯೊಬ್ಬರ ಕೊಟ್ಟಿಗೆಯನ್ನೇ ಅಳತೆಗೋಲಾಗಿಸಿದ ನಿಯಮವಿದು. ಮೇವಿನ ಅಭಾವವೇ ಆ ಊರಿಗೆ ಲೆಕ್ಕವನ್ನೂ ದಂಡವನ್ನೂ ಕಲಿಸಿತು. ಜಪಾನಿನ ತೊಯೊಓಕದಲ್ಲಿ ಇದೇ ಪಾಠ ತಡವಾಗಿ ನಡೆಯಿತು: ಓರಿಯೆಂಟಲ್ ಸ್ಟಾರ್ಕ್ ಎಂಬ ದೊಡ್ಡ ಕೊಕ್ಕರೆಯ ಜಾತಿಯಲ್ಲಿ, ಆ ದೇಶದಲ್ಲಿ ಸ್ವತಂತ್ರವಾಗಿ ಬದುಕಿದ್ದ ಕೊನೆಯ ಹಕ್ಕಿ 1971ರಲ್ಲಿ ಸತ್ತ ಮೇಲೆ, ಸಾಕಿ ಬೆಳೆಸಿದ ಹಕ್ಕಿಗಳನ್ನು 2005ರಲ್ಲಿ ಬಿಡುವಾಗ, ಅವುಗಳಿಗೆ ಕಪ್ಪೆ, ಮೀನು ಸಿಗಲೆಂದು ರೈತರು ಕೀಟನಾಶಕ ತಗ್ಗಿಸಿ ಗದ್ದೆಯಲ್ಲಿ ನೀರು ನಿಲ್ಲಿಸುವ ದಿನಗಳನ್ನು ಹೆಚ್ಚಿಸಿದರು.

ಹಾಗೆಂದು ಎಲ್ಲ ಕಾಡಿಗೂ ಕೊಡಲಿ ಬೇಕೆಂದು ನಾನು ಹೇಳುತ್ತಿಲ್ಲ. ಶತಮಾನಗಳಿಂದ ಕಡಿತ ಕಾಣದ ಹಳೆಯ ಕಾಡಿಗೆ ನಿಮ್ಮ ಬೇಲಿಯೇ ಸರಿ. ಬಳಕೆಯ ನೆಲದಲ್ಲೂ, ಒಲೆಗೆಂದು ಕಡಿಯುತ್ತಿದ್ದವರು ಲಾರಿಗೆಂದು ಕಡಿಯತೊಡಗಿದರೆ ಹಳೆಯ ಕಟ್ಟಳೆ ಉಳಿಯುವುದಿಲ್ಲ. ನೀವು ಕಂಡ ಹಾಳು ಬಹುಶಃ ಅಂಥದ್ದು. ಈ ಷರತ್ತನ್ನು ಹೇಳದೆ ಎಲ್ಲವನ್ನೂ ‘ಸಾಮರಸ್ಯ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದು ನಮ್ಮ ಲೇಖನದ ದೋಷ. ಪುಟ ತಿದ್ದುವಾಗ ಅದನ್ನು ಹಾಗೆಯೇ ಬಿಟ್ಟವನು ನಾನು.