ನಿಮ್ಮ ಲೇಖನದಲ್ಲಿ ಮೂತ್ರನಾಳ ಎಲ್ಲಿದೆ?

ನಮಸ್ಕಾರ,

ಉದರದ ಮಹಾಪಧಮನಿ (ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳ) ಉರಿಯೂತದಿಂದ ದಪ್ಪಗಾಗಿ ಉಬ್ಬುವ ಕಾಯಿಲೆ ಮತ್ತು ಅದರ ಶಸ್ತ್ರಚಿಕಿತ್ಸೆಯ ಫಲಿತಾಂಶದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಬೇಡಿ. ಶಸ್ತ್ರಚಿಕಿತ್ಸಾ ವಿಭಾಗದಲ್ಲೇ ಕಲಿಯುತ್ತಿರುವ ನೀವು ಇದನ್ನು ಕನ್ನಡದಲ್ಲಿ ಬರೆಯದಿದ್ದರೆ ಇನ್ಯಾರು ಬರೆಯಬೇಕು?

‘ಇದೊಂದು ವಿರಳ ಘಟಕವಾಗಿದ್ದು ಭಿನ್ನವಾಗಿ ಪ್ರಸ್ತುತಪಡಿಸುತ್ತದೆ’ ಎಂದು ಆರಂಭಿಸಿದ್ದೀರಿ. ಏನನ್ನು, ಯಾರಿಗೆ? ರೋಗಿ ಬಂದು ಹೇಳುವುದು ಹೊಟ್ಟೆನೋವು, ಬೆನ್ನುನೋವು, ತೂಕ ಇಳಿದದ್ದು. ರಕ್ತ ಪರೀಕ್ಷೆಯಲ್ಲಿ ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಹೆಚ್ಚಾಗಿ ಏರಿರುತ್ತದೆ. ಹೆಚ್ಚಿನವರು ವರ್ಷಗಟ್ಟಲೆ ಧೂಮಪಾನ ಮಾಡಿದ ಗಂಡಸರು. ಅವರಿಂದ ಶುರು ಮಾಡಿ.

ನಾಲ್ಕನೆಯ ಪುಟದಲ್ಲಿ ಒಂದು ಪ್ಯಾರಾ ಇದೆ. ಹೊಟ್ಟೆ ತೆರೆದಾಗ ರಕ್ತನಾಳದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು, ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್ ಅದಕ್ಕೆ ಅಂಟಿಕೊಂಡಿತ್ತು, ಹಿರಿಯ ಸರ್ಜನ್ ಕತ್ತರಿಯನ್ನು ಕೆಳಗಿಟ್ಟು ಸುಮ್ಮನೆ ನೋಡುತ್ತಾ ನಿಂತರು ಎಂದು ಬರೆದಿದ್ದೀರಿ. ಲೇಖನದ ಜೀವ ಇರುವುದೇ ಇಲ್ಲಿ. ಅವರೇಕೆ ನಿಂತರು ಎಂಬುದನ್ನು ಹೇಳಿ. ಕರುಳನ್ನು ಬಿಡಿಸಲು ಹೋಗಿ ಅದು ಹರಿದರೆ, ಉಬ್ಬಿದ ಜಾಗದಲ್ಲಿ ಕೂರಿಸಬೇಕಾದ ಕೃತಕ ನಾಳಕ್ಕೇ ಸೋಂಕು ತಗಲಬಹುದು. ಅದಕ್ಕೇ ಅನುಭವಿಗಳು ಕರುಳನ್ನು ಗೋಡೆಗೆ ಅಂಟಿದ ಹಾಗೆಯೇ ಬಿಟ್ಟು, ರಕ್ತದ ಹರಿವು ತಡೆಯಲು ಇನ್ನೂ ಮೇಲೆ ಕ್ಲ್ಯಾಂಪ್ ಹಾಕುವ ಜಾಗ ಹುಡುಕುತ್ತಾರೆ. ಇಷ್ಟು ತಿಳಿದ ಮೇಲೆ ಮಾತ್ರ ನಿಮ್ಮ ಅಂಕಿಗಳು ಓದುಗರಿಗೆ ಅರ್ಥವಾಗುತ್ತವೆ.

ಆ ಅಂಕಿಗಳನ್ನೂ ಅರ್ಧ ಕೊಟ್ಟಿದ್ದೀರಿ. ಅಮೆರಿಕದ ಮೇಯೊ ಕ್ಲಿನಿಕ್‌ನವರು 1985ರಲ್ಲಿ ಪ್ರಕಟಿಸಿದ ವರದಿಯಲ್ಲಿ 2816 ರೋಗಿಗಳ ಪೈಕಿ 127 ಮಂದಿಗೆ ಈ ಬಗೆಯ ಉಬ್ಬು ಇತ್ತು. ಅವರಲ್ಲಿ ಶಸ್ತ್ರಚಿಕಿತ್ಸೆಯ ಸಾವು ಶೇ. 7.9. ಸಾಮಾನ್ಯ ಉಬ್ಬಿನವರಲ್ಲಿ ಅದು ಶೇ. 2.4 ಎಂಬುದನ್ನು ಬಿಟ್ಟಿದ್ದೀರಿ. ಹೋಲಿಕೆ ಇಲ್ಲದ 7.9ರಿಂದ ಓದುಗರಿಗೆ ಸಿಗುವುದು ಭಯ ಮಾತ್ರ.

ಇನ್ನು ನಿಮ್ಮ ತೀರ್ಮಾನ. 2009ರ ಸಮೀಕ್ಷೆಯೊಂದರಲ್ಲಿ ಮೊದಲ ಮೂವತ್ತು ದಿನಗಳ ಸಾವು ಹೊಟ್ಟೆ ತೆರೆದು ಮಾಡಿದಾಗ ಶೇ. 6, ತೊಡೆಸಂದಿಯ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ (ಲೋಹದ ಜಾಲರಿಯುಳ್ಳ ಕೃತಕ ನಾಳ) ಏರಿಸಿದಾಗ ಶೇ. 2 ಎಂದಿರುವುದನ್ನು ಹಿಡಿದು ‘ಸ್ಟೆಂಟ್ ಗ್ರಾಫ್ಟೇ ಶ್ರೇಷ್ಠ’ ಎಂದುಬಿಟ್ಟಿದ್ದೀರಿ. ನಾನು ಒಪ್ಪುವುದಿಲ್ಲ. ಎರಡೂ ಗುಂಪಿನ ರೋಗಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಚಿಕಿತ್ಸೆಯ ಕಾಲವೂ ಒಂದೇ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಇಡೀ ಲೇಖನದಲ್ಲಿ ‘ಮೂತ್ರನಾಳ’ ಎಂಬ ಪದವೇ ಇಲ್ಲ! ಈ ಕಾಯಿಲೆಯಲ್ಲಿ ರಕ್ತನಾಳದ ಸುತ್ತ ಬೆಳೆಯುವ ನಾರಿನಂಥ ಅಂಗಾಂಶ, ಮೂತ್ರಪಿಂಡದಿಂದ ಮೂತ್ರವನ್ನು ಕೆಳಗಿಳಿಸುವ ಮೂತ್ರನಾಳವನ್ನು ಒಳಕ್ಕೆಳೆದು ಅದುಮುತ್ತದೆ, ಮೂತ್ರ ಕಟ್ಟಿಕೊಂಡು ಮೂತ್ರಪಿಂಡ ಊದುತ್ತದೆ. ಅದೇ ಸಮೀಕ್ಷೆಯ ಪ್ರಕಾರ ಆ ಊತ ಹೆಚ್ಚು ಮಂದಿಯಲ್ಲಿ ಇಳಿದದ್ದು ಹೊಟ್ಟೆ ತೆರೆದು ಮಾಡಿದಾಗಲೇ. ಸ್ಟೆಂಟ್ ಗ್ರಾಫ್ಟ್ ನಂತರ ಕೆಲವರಲ್ಲಿ ಅದು ಹೆಚ್ಚಿತು ಕೂಡ. ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡು ಬೇಗ ಮನೆಗೆ ಹೋದವರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತದ ಅಂಶ) ಆರು ತಿಂಗಳ ಮೇಲೆ ಎಷ್ಟಿದೆ ಎಂಬುದೂ ಫಲಿತಾಂಶವೇ ಅಲ್ಲವೇ? ಮೂತ್ರ ಇಳಿಯಲೆಂದು ಮೂತ್ರನಾಳದೊಳಗೆ ಹಾಕುವ ಡಿ.ಜೆ. ಸ್ಟೆಂಟ್ ಎಂಬ ಕೊಳವೆಯ ಬಗ್ಗೆ ಬರೆಯಿರಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರಿಂದ ನಮ್ಮ ಓದುಗರು ಆ ಹೆಸರು ಕೇಳಿಯೇ ಇರುತ್ತಾರೆ. ಉರಿಯೂತ ಇಳಿಸಲು ಕೊಡುವ ಸ್ಟೀರಾಯ್ಡ್ ಬಗ್ಗೆಯೂ ಎರಡು ಮಾತು ಬೇಕು.

‘ಗೋಡೆ ದಪ್ಪಗಿರುವುದರಿಂದ ಒಡೆಯುವ ಭಯವಿಲ್ಲ’ ಎಂಬ ವಾಕ್ಯವನ್ನು ಈಗಲೇ ತೆಗೆದುಹಾಕಿ. ಅದನ್ನು ಓದಿ ನನಗೆ ಸಿಟ್ಟು ಬಂತು. ದಪ್ಪಗಾಗುವುದು ಮುಖ್ಯವಾಗಿ ಮುಂದೆ ಮತ್ತು ಪಕ್ಕಗಳಲ್ಲಿ. ಬೆನ್ನಿನ ಕಡೆಯ ಗೋಡೆ ತೆಳ್ಳಗೇ ಉಳಿಯಬಹುದು, ಇಂಥ ಉಬ್ಬೂ ಒಡೆಯುತ್ತದೆ. ನಿಮ್ಮ ಮಾತು ನಂಬಿ ಯಾರಾದರೂ ಸ್ಕ್ಯಾನ್ ಮುಂದೂಡಿದರೆ ಗತಿಯೇನು?

ಇಸವಿಗಳೂ ಬೆರೆತಿವೆ. ಕಾಯಿಲೆಗೆ ‘ಇನ್‌ಫ್ಲಮೇಟರಿ ಅನ್ಯೂರಿಸಮ್’ (ಉರಿಯೂತದ ಉಬ್ಬು) ಎಂಬ ಹೆಸರು ಕೊಟ್ಟದ್ದು 1972ರಲ್ಲಿ ವಾಕರ್ ಮತ್ತು ಸಂಗಡಿಗರು. 1991 ಅರ್ಜೆಂಟೀನಾದ ಸರ್ಜನ್ ಪರೋಡಿ ಸ್ಟೆಂಟ್ ಗ್ರಾಫ್ಟ್ ಬಗ್ಗೆ ವರದಿ ಪ್ರಕಟಿಸಿದ ವರ್ಷ.

ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಸಿಟಿ ಸ್ಕ್ಯಾನ್ ಚಿತ್ರವನ್ನು ಮತ್ತೆ ಲಗತ್ತಿಸುವುದಾದರೆ ರೋಗಿಯ ಒಪ್ಪಿಗೆ ಪತ್ರವೂ ಜೊತೆಗಿರಲಿ. ಈ ಸಲ ಬಂದ ಚಿತ್ರದ ಮೂಲೆಯಲ್ಲಿ ಅವರ ಹೆಸರು, ವಯಸ್ಸು ಹಾಗೆಯೇ ಕಾಣುತ್ತಿತ್ತು. ಆ ಪ್ರತಿಯನ್ನು ಅಳಿಸಿಹಾಕಿದ್ದೇನೆ, ನಿಮ್ಮಲ್ಲಿರುವುದನ್ನೂ ಅಳಿಸಿ.

ಇಂತಿ,
ಸಂಪಾದಕ